ಗಿಡವಿಲ್ಲದ ಸೇಂದಿಖಾನೆ

ಈ ಸಂಚಿಕೆಗೆ ಊರಿನ ಸಂಸ್ಥೆಗಳ ಪಟ್ಟಿ ಮಾಡಲು ಕೂತಾಗ ಸಾಲಿ, ಮಠ, ಸಂತೆ, ಸೊಸೈಟಿ, ದವಾಖಾನೆ ಎಲ್ಲವೂ ಬಂದವು. ಒಂದೊಂದಕ್ಕೂ ಬರೆಯುವವರು ಸಿಕ್ಕರು. ಕೊನೆಗೆ ನಾನು “ಸೇಂದಿ ದುಕಾನ ಬಿಟ್ರೆಲ್ರೀ” ಅಂದೆ. ಕೂತವರು ನಕ್ಕರು. ಹಿರಿಯರೊಬ್ಬರು ಮಾತ್ರ ನಗಲಿಲ್ಲ. “ಅದೂ ಸರಕಾರ ನಡಿಸಿದ್ದ ಅಲ್ಲೇನು? ಬರೀರಿ, ಯಾರೂ ಬ್ಯಾಡನ್ನಂಗಿಲ್ಲ” ಎಂದರು. ಬೇಡ ಅಂದವರು ಇಬ್ಬರಿದ್ದರು. ಅವರ ಹೆಸರು ಇಲ್ಲಿ ಬೇಡ.

ತಹಶೀಲ ಕಚೇರಿಯಲ್ಲಿ ಕಾರಕೂನಿಕೆ ಮಾಡಿ ಮುದುಕನಾದವನು ನಾನು. ಸಂಸ್ಥೆ ಅಂದರೆ ನನಗೆ ಗೊತ್ತಿರುವ ಲಕ್ಷಣಗಳಿಷ್ಟು: ಪರವಾನಗಿ, ವರ್ಷಕ್ಕೊಮ್ಮೆ ಹರಾಜು, ಠೇವಣಿ, ಕಂತು, ರಿಜಿಸ್ಟರು, ತಪಾಸಣೆಗೆ ಬರುವ ಇನ್‌ಸ್ಪೆಕ್ಟರು, ಬಾಗಿಲು ತೆರೆಯುವ ಮುಚ್ಚುವ ಹೊತ್ತು. ಸೇಂದಿ ದುಕಾನಕ್ಕೆ ಇವೆಲ್ಲ ಇದ್ದವು. ಸಾಲಿಗೆ ಕಟ್ಟಡವೇ ಇರದಿದ್ದ ಕಾಲದಲ್ಲೂ ಇದ್ದವು. ನಿಜಾಮನ ಸೀಮೆಯ ಎಷ್ಟೋ ಹಳ್ಳಿಗಳಿಗೆ ಸರಕಾರ ಅನ್ನುವುದು ಕಂದಾಯದ ಪಟವಾರಿಯ ರೂಪದಲ್ಲಿ ಒಮ್ಮೆ ಬಂತು, ಸೇಂದಿಯ ಗುತ್ತೇದಾರನ ರೂಪದಲ್ಲಿ ಇನ್ನೊಮ್ಮೆ ಬಂತು. ಮಾಸ್ತರ ಬಂದದ್ದು ಬಹಳ ತಡವಾಗಿ.

ಕಸುಬು ಅದಕ್ಕೂ ಹಳೆಯದು. ಕಲ್ಯಾಣದ ಶರಣರ ನಡುವೆಯೇ ಹೆಂಡದ ಮಾರಯ್ಯನಿದ್ದ. ಧರ್ಮೇಶ್ವರಲಿಂಗ ಅವನ ಅಂಕಿತ. ತನ್ನ ವಚನಗಳಲ್ಲಿ ಅವನು ಕಸುಬಿನ ಮಾತನ್ನೇ ಹಿಡಿದು ತತ್ವ ಹೇಳಿದ. ಹೆಂಡ ಮಾರುತ್ತಲೇ ಗಿರಾಕಿಗೆ ಬುದ್ಧಿ ಹೇಳುತ್ತಿದ್ದನೆಂದು ಪ್ರತೀತಿ. ಅಂಥ ದುಕಾನದಾರ ಆಮೇಲೆ ಹುಟ್ಟಿದ್ದನ್ನು ನಾನಂತೂ ಕಾಣೆ.

ಹೈದರಾಬಾದ್ ಸಂಸ್ಥಾನದ ಅಬಕಾರಿ ಕಾಯ್ದೆ ಬಂದದ್ದು 1316ನೇ ಫಸಲಿಯಲ್ಲಿ. ಈಗಿನವರಿಗೆ ಫಸಲಿ ಲೆಕ್ಕ ಗೊತ್ತಿಲ್ಲ. 590 ಕೂಡಿಸಿದರೆ ಇಸವಿ ಸಿಗುತ್ತದೆ, ಅಂದರೆ 1906-07. ಈ ವ್ಯವಸ್ಥೆಗೆ ಎರಡು ಕಾಲು. ಒಂದು ಗಿಡದ ತೆರಿಗೆ, ಇನ್ನೊಂದು ದುಕಾನದ ಹರಾಜು. ಯಾವ ಗಿಡದಿಂದ ಸೇಂದಿ ಇಳಿಸುತ್ತಾರೋ ಆ ಗಿಡಕ್ಕೆ ನಂಬರು ಬೀಳಬೇಕು, ನಂಬರಿಗೆ ತಕ್ಕಂತೆ ತೆರಿಗೆ ಕಟ್ಟಬೇಕು. ಹೊಲ ಯಾರದೇ ಇರಲಿ, ಗಿಡದ ರಸದ ಮೇಲೆ ಸರಕಾರದ ಹಕ್ಕು. ಭೂಕಂದಾಯದ ಜೊತೆಗೆ ನಿಜಾಮನ ಬೊಕ್ಕಸವನ್ನು ತುಂಬಿಸುತ್ತಿದ್ದ ದೊಡ್ಡ ಹೊಳೆ ಇದೇ ಅಬಕಾರಿ. ಗುತ್ತಾ ಹಿಡಿದವನು ಗುತ್ತೇದಾರ. ಕಲಬುರಗಿ ಕಡೆಯ ಎಷ್ಟೋ ಈಡಿಗ ಮನೆತನಗಳಿಗೆ ಇಂದಿಗೂ ಅದೇ ಅಡ್ಡಹೆಸರು. ಸೇಂದಿ ಹೋದರೂ ಹೆಸರು ಉಳಿದಿದೆ. ಸೇಂದಿ ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಸ್ವಂತ ಜನಕ್ಕೇ ಹೇಳಿದ ಕೇರಳದ ನಾರಾಯಣ ಗುರುಗಳ ಪಟ ಅಂಥ ಮನೆಗಳ ಗೋಡೆಯ ಮೇಲಿದೆ.

ಗಿಡದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವತ್ತಿನ ಹುಡುಗರು ಸೇಂದಿ ಅಂದರೆ ಬಾಟಲಿ ಅಂದುಕೊಂಡಿದ್ದಾರೆ.

ನಮ್ಮ ಕಡೆ ಸೇಂದಿ ಅಂದರೆ ಈಚಲು ಗಿಡದ ರಸ. ಹಳ್ಳದ ದಂಡೆ, ಸವಳು ನೆಲ, ಬದುವಿನ ಸಂದಿ, ಇವು ಅದರ ಜಾಗ. ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಇಳಿಸುವವನು ಸೊಂಟಕ್ಕೂ ಗಿಡಕ್ಕೂ ಹಗ್ಗ ಸುತ್ತಿ ಹತ್ತುತ್ತಾನೆ. ತಲೆಯ ಒಂದು ಬದಿಯ ಗರಿಗಳನ್ನಷ್ಟೇ ಸವರುತ್ತಾನೆ. ಒಳಗಿನ ಬೆಳ್ಳನೆಯ ಮೈ ಕಾಣುತ್ತದೆ. ಅದನ್ನು ಕೆಲ ದಿನ ಗಾಳಿಗೆ ಒಣಗಲು ಬಿಟ್ಟು, ಆಮೇಲೆ ಇಳಿಜಾರಾಗಿ ಕೆತ್ತಿ, ಒಂದು ಸಣ್ಣ ಬಿದಿರಿನ ದಬ್ಬೆಯನ್ನು ಚುಚ್ಚಿ, ಅದರ ಬಾಯಿಗೆ ಗಡಿಗೆ ಕಟ್ಟುತ್ತಾನೆ. ಸಂಜೆ ಹಸಿ ಕೆತ್ತು, ಬೆಳಗಿನ ಜಾವ ಗಡಿಗೆ ಇಳಿಸು. ಎರಡು ಮೂರು ದಿನ ಕೆತ್ತಿದರೆ ಅಷ್ಟೇ ದಿನ ಗಿಡಕ್ಕೆ ಬಿಡುವು. ಮುಂದಿನ ವರ್ಷ ಗಿಡದ ಎದುರು ಬದಿಯನ್ನು ಕೆತ್ತಬೇಕು. ಅದೇ ಬದಿಯನ್ನು ಕೆತ್ತುವವನು ಗಿಡ ಕೊಲ್ಲುವವನು. ಒಳ್ಳೆಯ ಗಿಡ ಒಂದು ರಾತ್ರಿಗೆ ಎರಡು ಮೂರು ಲೀಟರ್ ಕೊಟ್ಟರೆ ಹೆಚ್ಚು.

ಸೂರ್ಯ ಹುಟ್ಟುವ ಮೊದಲು ಕುಡಿದರೆ ಅದು ಸಿಹಿ, ಮಕ್ಕಳಿಗೂ ಕೊಡುತ್ತಿದ್ದರು. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಹುಳಿಯುವುದು ನಿಲ್ಲುತ್ತದೆ, ಅದೇ ನೀರಾ. ಸುಣ್ಣವಿಲ್ಲದ ಗಡಿಗೆಯಲ್ಲಿ ಹಿಂದಿನ ದಿನದ ಹುಳಿ ಅಂಟಿಕೊಂಡಿರುತ್ತದೆ. ಗಾಳಿಯ ಕಿಣ್ವವೂ ಸೇರಿ, ಹೊತ್ತು ಏರಿದಂತೆ ನೊರೆ ಏರುತ್ತದೆ. ಮಧ್ಯಾಹ್ನಕ್ಕೆ ನೂರಕ್ಕೆ ನಾಲ್ಕೈದು ಪಾಲು ಅಮಲು. ಮರುದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿ. ಅಂದರೆ ಇದು ಕೂಡಿಡುವ ಮಾಲಲ್ಲ, ದೂರ ಒಯ್ಯುವ ಮಾಲೂ ಅಲ್ಲ. ಹಾಗಾಗಿ ದುಕಾನ ಗಿಡದ ಬುಡದ ಆಸುಪಾಸಿನಲ್ಲೇ ಇರಬೇಕಾಗಿತ್ತು. ಹಳ್ಳದ ದಂಡೆಯಲ್ಲಿ ನಾಲ್ಕು ಕಂಬ, ಮೇಲೆ ಈಚಲ ಗರಿಯದೇ ಚಪ್ಪರ, ಮೂಲೆಯಲ್ಲಿ ಹುರಿಗಡಲೆ, ಖಾರ ಹಚ್ಚಿದ ಒಣಮೀನು. ಹಳೇ ಮೈಸೂರಿನವರು ಪಡಖಾನೆ ಅನ್ನುತ್ತಾರೆ. ರಾಜರತ್ನಂ ಅವರ ರತ್ನ ಹಾಡಿದ್ದು ಆ ಪಡಖಾನೆಯ ಲೋಕವನ್ನು. ಬರೆದ ರಾಜರತ್ನಂ ಕುಡಿದವರಲ್ಲ. ಕುಡಿದವರು ಬರೆಯಲಿಲ್ಲ, ನಮ್ಮ ದುಕಾನಕ್ಕೆ ಹಾಡು ಹುಟ್ಟದ್ದು ಹಾಗಾಗಿಯೇ ಇದ್ದೀತು.

ಚಪ್ಪರದ ಹೊರಗೂ ಒಂದು ಜಾಗವಿತ್ತು. ಸಂತೆಯ ದಿನ ಕೂಲಿ ಕೈಗೆ ಬಂದ ಗಂಡ ಒಳಗೆ ಹೋದರೆ, ಹೆಂಡತಿ ಹೊರಗಿನ ಕಲ್ಲಿನ ಮೇಲೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಉಪ್ಪು, ಎಣ್ಣೆ, ಜೋಳಕ್ಕೆ ಎಷ್ಟು ಉಳಿಯುತ್ತದೆ ಅನ್ನುವುದು ಅವನು ಹೊರಬಂದ ಮೇಲಷ್ಟೇ ಗೊತ್ತು. ರಿಜಿಸ್ಟರಿನಲ್ಲಿ ಈ ಕಲ್ಲಿಗೆ ಕಾಲಂ ಇರಲಿಲ್ಲ.

ಗಿಡದ ಮೇಲೆ ಮೊದಲ ಏಟು ಬಿದ್ದದ್ದು ದೇಶಭಕ್ತಿಯಿಂದ. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಗಿಡ ಕಡಿದು ಸತ್ಯಾಗ್ರಹ ಮಾಡಿದರು. ನಮ್ಮಲ್ಲಿ ಅದು ನಡೆದದ್ದು 1947ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮ ಸೇರಲು ಒಪ್ಪದಾಗ ಸ್ವಾಮಿ ರಮಾನಂದ ತೀರ್ಥರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಚಳವಳಿ ಹೂಡಿತು. ಅದರ ಒಂದು ಕಾರ್ಯಕ್ರಮ ಸೇಂದಿ ಗಿಡ ಕಡಿಯುವುದು. ಗಿಡ ಬಿದ್ದರೆ ತೆರಿಗೆ ಬೀಳುತ್ತದೆ, ತೆರಿಗೆ ಬಿದ್ದರೆ ನಿಜಾಮನ ಕೈ ಸಡಿಲುತ್ತದೆ ಎಂಬ ಲೆಕ್ಕ. ರಾತ್ರಿ ಕೊಡಲಿ ಹಿಡಿದು ಹೋಗುವುದು, ಬೆಳಗಾಗುವುದರೊಳಗೆ ಗಡಿ ದಾಟಿ ಗಜೇಂದ್ರಗಡದ ಇಲ್ಲವೆ ಮುಂಡರಗಿಯ ಶಿಬಿರ ಸೇರುವುದು. ನಾನು ಚಿಕ್ಕವನಿದ್ದಾಗ ಮುದುಕರು ಈ ಕಥೆ ಹೇಳುವಾಗ ಕಡಿದ ಗಿಡಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಇರಲಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. 1956ರ ನವೆಂಬರ್ 1ಕ್ಕೆ ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸರಕಾರ ಬದಲಾಯಿತು, ಹರಾಜು ಬದಲಾಗಲಿಲ್ಲ. ನಿಜಾಮನ ಕಾಯ್ದೆಯ ಜಾಗಕ್ಕೆ 1965ರ ಮೈಸೂರು ಅಬಕಾರಿ ಕಾಯ್ದೆ ಬಂತು. 1967ರಲ್ಲಿ ರಾಜ್ಯ ಸರಕಾರ ಪಾನನಿಷೇಧವನ್ನು ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಖಜಾನೆಯ ಕೀಲಿ ಕೈಗೆ ಬಂದ ಮೇಲೆ ಗಿಡ ಬೇರೆಯಾಗಿ ಕಾಣುತ್ತದೆ, ಅಷ್ಟೇ.

ಎರಡನೇ ಏಟು ದೊಡ್ಡದು, ಅದನ್ನು ಯಾರೂ ಏಟು ಅನ್ನಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಸಿಂಧನೂರು ಸೀಮೆ ಭತ್ತದ ಸೀಮೆಯಾಯಿತು. ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು, ಬಂಗಾಲಿ ನಿರಾಶ್ರಿತರಿಗೂ ಇಲ್ಲಿ ಕ್ಯಾಂಪುಗಳಾದವು. ಹೊಲ ಮಟ್ಟ ಮಾಡುವಾಗ ಬದುವಿನ ಈಚಲು ಬುಲ್ಡೋಜರಿನ ಬಾಯಿಗೆ ಹೋಯಿತು. ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಅನ್ನ ಬರುತ್ತಿರುವಾಗ ಈಚಲಿಗೆ ಯಾರು ಅಳುತ್ತಾರೆ?

ವಿಚಿತ್ರವೆಂದರೆ ಗಿಡ ಹೋದರೂ ಸೇಂದಿ ಹೋಗಲಿಲ್ಲ. ಭತ್ತದ ಕೆಲಸಕ್ಕೆ ಕೈಗಳು ಹೆಚ್ಚಿದವು, ಕೂಲಿ ಹೆಚ್ಚಿತು, ದುಕಾನದ ಗದ್ದಲ ಹೆಚ್ಚಿತು. ಗಿಡ ಕಡಿಮೆ, ಗಿರಾಕಿ ಜಾಸ್ತಿ. ನಡುವಿನ ಕೊರತೆಯನ್ನು ತುಂಬಿದ್ದು ಸಿಎಚ್ ಪೌಡರ್. ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್. ಜರ್ಮನಿಯ ಯುಸ್ಟುಸ್ ಲೀಬಿಗ್ 1832ರಲ್ಲಿ ಕ್ಲೋರಲ್ ತಯಾರಿಸಿದ. 1869ರಿಂದ ವೈದ್ಯರು ಅದನ್ನು ನಿದ್ದೆಯ ಮದ್ದಾಗಿ ಕೊಟ್ಟರು. ಅಮೆರಿಕದಲ್ಲಿ ಗಿರಾಕಿಯ ಗ್ಲಾಸಿಗೆ ಅದನ್ನು ಬೆರೆಸಿ ಕೆಡವಿ ಕಿಸೆ ದೋಚುವವರಿದ್ದರಂತೆ. ನಮ್ಮಲ್ಲಿ ಒಂದು ರಾತ್ರಿಗಲ್ಲ, ದಿನಾಲೂ ಬೆರೆಸಿದರು. ನೀರು, ಸ್ಯಾಕರಿನ್, ಪೌಡರು, ಹೆಸರಿಗೆ ಒಂದು ಗಡಿಗೆ ಅಸಲು. ಅಭ್ಯಾಸವಾದವನಿಗೆ ಒಂದು ದಿನ ತಪ್ಪಿದರೆ ಕೈ ನಡುಕ, ಮೂರ್ಛೆ, ಇಲ್ಲದ್ದು ಕಾಣುವುದು, ಇದ್ದವರನ್ನು ಗುರುತು ಹಿಡಿಯದಿರುವುದು. ಹೆಂಡ ಬಿಡಿಸಬಹುದು, ಪೌಡರ್ ಬಿಡಿಸುವುದು ಆಸ್ಪತ್ರೆಯ ಕೆಲಸ.

ನಮ್ಮ ಜಿಲ್ಲೆಯಲ್ಲಿ ಸೇಂದಿ ಇಳಿಸುವುದೂ ಮಾರುವುದೂ ಈಗ ಅಪರಾಧ. ಕರಾವಳಿಯಲ್ಲಿ ಮಾತ್ರ ಮೂರ್ತೆದಾರರ ಸಹಕಾರ ಸಂಘಗಳ ಮೂಲಕ ಅದು ರಾಜಾರೋಷವಾಗಿ ನಡೆದಿದೆ. ಪ್ಯಾಕೆಟ್ ಸಾರಾಯಿಯನ್ನು 2007ರ ಜುಲೈ 1ರಿಂದ ರಾಜ್ಯದಲ್ಲೆಲ್ಲ ನಿಲ್ಲಿಸಿದರು. ಆ ಜಾಗಕ್ಕೆ ವೈನ್‌ಶಾಪಿನ ಅಗ್ಗದ ಕ್ವಾರ್ಟರು ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋಗಿ ಪೂರ್ಣ ಪಾನನಿಷೇಧ ಕೇಳಿದರಲ್ಲ, ಅವರಲ್ಲಿ ನಮ್ಮ ಜಿಲ್ಲೆಯ ಕೂಲಿ ಹೆಂಗಸರು ಮುಂಚೂಣಿಯಲ್ಲಿದ್ದರು. ದುಕಾನದ ಹೊರಗೆ ಕಲ್ಲಿನ ಮೇಲೆ ಕೂತಿದ್ದವರ ಮೊಮ್ಮಕ್ಕಳು ಅವರು.

ಇಷ್ಟಾಗಿಯೂ ನನಗೊಂದು ಕುತೂಹಲ ಉಳಿದಿತ್ತು. ಪರವಾನಗಿ ಪಡೆದ, ಬೋರ್ಡು ಹಾಕಿದ, ಹಗಲು ಹೊತ್ತು ನಡೆಯುವ ಹಳೇ ಪದ್ಧತಿಯ ಸೇಂದಿಖಾನೆ ಈಗ ಎಲ್ಲಾದರೂ ಇದೆಯೇ? ಇದೆ, ಅದೂ ಮಹಾನಗರದ ನಡುವೆ. ನಮ್ಮ ಹಳೇ ರಾಜಧಾನಿಯಲ್ಲೇ.

ನನ್ನ ಅಳಿಯ, ತಂಗಿಯ ಮಗ, ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ರಾಯಚೂರು ದಾಟಿ, ಶಕ್ತಿನಗರದ ಹತ್ತಿರ ನಿಜಾಮನ ಕಾಲದ ಕೃಷ್ಣಾ ಸೇತುವೆಯ ಬದಿಗೆ ಹಾದು, ಮಕ್ತಲ್, ಮಹಬೂಬ್‌ನಗರ ಹಾದಿಯಲ್ಲಿ ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ದಾರಿಯುದ್ದಕ್ಕೂ, ಕೃಷ್ಣೆ ದಾಟಿದ ಮೇಲೆ, ಕಿಟಕಿಯಿಂದ ಈಚಲು, ತಾಳೆ ಕಾಣಿಸಿಕೊಂಡವು. ಕುತ್ತಿಗೆಗೆ ಗಡಿಗೆ ಕಟ್ಟಿಕೊಂಡ ಗಿಡಗಳನ್ನು ನಾನು ನೋಡಿ ದಶಕಗಳಾಗಿದ್ದವು.

ಅಲ್ಲಿ ಇದಕ್ಕೆ ಕಳ್ಳು ಕಂಪೌಂಡ್ ಅನ್ನುತ್ತಾರೆ. 2004ರಲ್ಲಿ ಆಂಧ್ರ ಸರಕಾರ ಹೈದರಾಬಾದ್ ನಗರದೊಳಗಿನ ಕಂಪೌಂಡುಗಳನ್ನು ಮುಚ್ಚಿಸಿತ್ತು. ತೆಲಂಗಾಣ ರಾಜ್ಯವಾದ ಮೇಲೆ 2014ರಲ್ಲಿ ಮತ್ತೆ ತೆರೆದರು. ಕಾರಣವೂ ಇತ್ತು. ಕಳ್ಳು ಇಳಿಸುವ ಗೌಡರ ಸಂಖ್ಯೆ ಅಲ್ಲಿ ದೊಡ್ಡದು, ಅಭಿಮಾನವೂ ದೊಡ್ಡದು. ಔರಂಗಜೇಬ ಸತ್ತ ಮರುವರ್ಷ, 1708ರಲ್ಲಿ, ವಾರಂಗಲ್ಲಿನ ಮೇಲೆ ಬಿದ್ದು ಲೂಟಿ ಮಾಡಿದ ಸರ್ವಾಯಿ ಪಾಪನ್ನ ಕಳ್ಳು ಇಳಿಸುವ ಮನೆಯ ಮಗ. ಎರಡು ವರ್ಷದೊಳಗೆ ಮೊಗಲರು ಅವನನ್ನು ಮುಗಿಸಿದರು. ಈಗ ಅವನಿಗೆ ಜಯಂತಿ, ಪ್ರತಿಮೆ ಎಲ್ಲ ಇವೆ.

ನಾವು ಹೋದ ಕಂಪೌಂಡಿಗೆ ಆಳೆತ್ತರಕ್ಕೂ ಮಿಗಿಲಾದ ಗೋಡೆ, ಕಬ್ಬಿಣದ ಗೇಟು. ಹೊರಗೆ ಮೆಟ್ರೋ ಕಂಬಗಳ ಕೆಳಗೆ ಆಟೋ ಹಾರ್ನು. ಒಳಗೆ ಹೆಜ್ಜೆ ಇಟ್ಟರೆ ಹಳ್ಳಿಯ ಜಾತ್ರೆಯ ಮೂಲೆ. ತಗಡಿನ ಮಾಡು, ಸಿಮೆಂಟಿನ ಕಟ್ಟೆ, ನಡುವೆ ಒಂದು ಬೇವಿನ ಗಿಡ. ಬೇಯಿಸಿದ ಕಡಲೆಯನ್ನು ಅಲ್ಲಿ ಗುಡಾಲು ಅನ್ನುತ್ತಾರೆ. ಬುಟ್ಟಿಯಲ್ಲಿಟ್ಟುಕೊಂಡು ಮುದುಕಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಬೋಟಿ ಹುರಿಯುವ ವಾಸನೆ. ನನಗೆ ಹೊಸದಾಗಿ ಕಂಡದ್ದು ಹೆಂಗಸರು. ಹೊರಗಿನ ಕಲ್ಲಿನ ಮೇಲಲ್ಲ, ಒಳಗೇ, ಕಾಲು ಚಾಚಿ, ಸೆರಗು ಸಡಿಲಿಸಿ, ಗಂಡನ ಎದುರಿಗೆ ಬಾಟಲಿ ಇಟ್ಟುಕೊಂಡು ಕೂತಿದ್ದರು. ಒಬ್ಬಾಕೆ ನನ್ನ ಧೋತರ ನೋಡಿ ಪಕ್ಕದವಳಿಗೆ ಏನೋ ಹೇಳಿ ನಕ್ಕಳು.

ಗಡಿಗೆ ಇರಲಿಲ್ಲ. ಹಳೇ ಬಿಯರ್ ಬಾಟಲಿಗಳಲ್ಲಿ ಬಿಳಿ ಸೇಂದಿ, ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಜೋಡಿಸಿಟ್ಟದ್ದು. ತಂದಿಡುವ ಹುಡುಗ ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದ. “ನಮ್ದು ಮಕ್ತಲ್ ಕಡಿ ರೀ” ಅಂದ. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಸಿಹಿ ಮೊದಲು ಬಂತು, ಹುಳಿ ಬರಲೇ ಇಲ್ಲ. ಮಧ್ಯಾಹ್ನ ಎರಡು ಗಂಟೆಯ ಸೇಂದಿ ಹುಳಿಯಾಗಿರಬೇಕು ಎಂದು ನನ್ನ ನಾಲಿಗೆಗೆ ನೆನಪಿದೆ.

“ಗಿಡ ಎಲ್ಲದಾವೋ ತಮ್ಮಾ?” ಎಂದೆ.

“ಗಿಡ ಜಿಲ್ಲಾದಾಗ ಅದಾವ್ರಿ. ಮುಂಜಾನಿ ಗಾಡಿ ಬರ್ತದ.”

“ಎಷ್ಟು ಗಿಡದ್ದು?”

ಅವನು ಕ್ರೇಟು ಕೆಳಗಿಟ್ಟು ನನ್ನ ಮುಖ ನೋಡಿದ. “ನೀವು ಆಫೀಸ್ನವರೇನ್ರಿ ಕಾಕಾ?”

“ರಿಟೈರ್ ಆಗೇತಪಾ” ಅಂದೆ. ಅಳಿಯ ಕಣ್ಣು ಮಿಟುಕಿಸಿ ಸುಮ್ಮನಿರು ಅಂದ.

ಕಾರಕೂನನ ಚಾಳಿ ಹೋಗುವುದಿಲ್ಲ. ನಾವು ಕೂತಿದ್ದ ಒಂದು ತಾಸಿನಲ್ಲಿ ಖಾಲಿಯಾಗಿ ಹೊರಹೋದ ಕ್ರೇಟು ನಲವತ್ತು. ಕ್ರೇಟಿಗೆ ಹನ್ನೆರಡು ಬಾಟಲಿ, ಬಾಟಲಿಗೆ 650 ಮಿಲಿ. ಒಟ್ಟು 312 ಲೀಟರ್. ಗಿಡಕ್ಕೆ ಎರಡೂವರೆ ಲೀಟರ್ ಹಿಡಿದರೆ 125 ಗಿಡ. ಗಿಡಕ್ಕೆ ಬಿಡುವು ಬೇಕಲ್ಲ, 250 ಅನ್ನಿ. ಒಂದು ಕಂಪೌಂಡಿಗೆ, ಒಂದು ತಾಸಿಗೆ. ದಿನಕ್ಕೆ ಎಷ್ಟು, ಊರಿಗೆ ಎಷ್ಟು ಎಂದು ಗುಣಿಸುತ್ತಿದ್ದಂತೆ ಅಳಿಯ ಎಬ್ಬಿಸಿದ. “ಮಾವಾ, ಇಲ್ಲಿ ಲೆಕ್ಕ ಮಾಡಬಾರ್ದು, ಕುಡೀಬೇಕು ಇಲ್ಲಾ ಎದ್ದು ಹೋಗ್ಬೇಕು.” ಅವನು ತನ್ನ ಪಾಲಿನದನ್ನು ಕುಡಿದಿದ್ದ. ಆ ಬಾಟಲಿಯಲ್ಲಿ ಏನಿತ್ತೋ ನಾನು ಪರೀಕ್ಷೆ ಮಾಡಿಸಿದವನಲ್ಲ, ಆ ಕಂಪೌಂಡಿನ ಮೇಲೆ ದೂರು ಹೇಳುತ್ತಿಲ್ಲ. ಆದರೆ 2025ರ ಜುಲೈನಲ್ಲಿ ಅದೇ ನಗರದ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಳ್ಳು ಕುಡಿದು ಜನ ಸತ್ತ ಸುದ್ದಿ ಪೇಪರಿನಲ್ಲಿ ಓದಿದಾಗ ಮೊದಲು ಅಳಿಯನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಸಂಜೆ ಅವನೇ ಮಾಡಿ, ಮಾಳಿಗೆ ಹಾಕುತ್ತಿದ್ದೆ, ಫೋನು ಕೆಳಗಿತ್ತು ಅಂದ. ಆ ಒಂದು ಹಗಲು ನನ್ನ ತಂಗಿಗೆ ಏನೂ ಹೇಳದೆ ಕಳೆದೆ.

ಕಂಪೌಂಡಿನಿಂದ ಎದ್ದ ಮೇಲೆ ಹುಸೇನ್ ಸಾಗರದ ದಂಡೆಗೆ ಹೋದೆವು. ನೆಕ್ಲೆಸ್ ರೋಡಿನಲ್ಲಿ ತೆಲಂಗಾಣ ಸರಕಾರ 2023ರ ಮೇ ತಿಂಗಳಲ್ಲಿ ನೀರಾ ಕೆಫೆ ತೆರೆದಿದೆ. ಅಮಲಿಲ್ಲದ ನೀರಾ, ತಣ್ಣಗೆ ಮಾಡಿ ಗ್ಲಾಸಿಗೆ ಹಾಕಿ ಕೊಡುತ್ತಾರೆ. ಕಟ್ಟಡಕ್ಕೆ ಹಳ್ಳಿಯ ವೇಷ. ಕಾರಿನಲ್ಲಿ ಬಂದ ಕುಟುಂಬಗಳು ಕೆರೆ ನೋಡುತ್ತ ಕೂತು ಫೋಟೊ ತೆಗೆದುಕೊಳ್ಳುತ್ತಿದ್ದವು. ನೀರಾ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಹಳ್ಳದ ದಂಡೆಯಲ್ಲಿ ಬೊಗಸೆಯೊಡ್ಡಿ ಕುಡಿದದ್ದಕ್ಕೆ ಹತ್ತಿರದ ರುಚಿ ಇದೇ, ಕಂಪೌಂಡಿನದಲ್ಲ. ಹಳೆಯದನ್ನು ಉಳಿಸಿಕೊಳ್ಳುವ ಮಾತಿಗೆ ಬಂದರೆ, ಲಂಡನ್ನಿನಲ್ಲಿ ಊರು ಬೆಳೆದು ಹಳ್ಳಿಯನ್ನು ನುಂಗಿದರೂ ಹ್ಯಾಂಪ್‌ಸ್ಟೆಡ್‌ನಲ್ಲಿ ಸ್ಪ್ಯಾನಿಯರ್ಡ್ಸ್ ಇನ್ನಿನಂಥ ಹಳೇ ಪಬ್ಬುಗಳನ್ನು ಕಟ್ಟಡ ಸಮೇತ ಕಾಯ್ದುಕೊಂಡಿದ್ದಾರೆ. ನಮ್ಮದರಲ್ಲಿ ಕಾಯಲು ಕಟ್ಟಡವೇ ಇಲ್ಲ. ನಾಲ್ಕು ಕಂಬ ಮತ್ತು ಗರಿ, ಅದನ್ನು ಯಾವ ಪುರಾತತ್ವ ಇಲಾಖೆ ಕಾಯುತ್ತದೆ? ಪಕ್ಕದ ಮಸ್ಕಿಯಲ್ಲಿ ಅಶೋಕನ ಶಾಸನ 1915ರವರೆಗೆ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಅದು ಬಂಡೆಯಾದ್ದರಿಂದ. ಗರಿಯ ಚಪ್ಪರಕ್ಕೆ ಆ ಭಾಗ್ಯವಿಲ್ಲ.

ಊರಿಗೆ ಬಂದ ಮೇಲೆ ಒಂದು ಮುಂಜಾನೆ ಹಳ್ಳದ ಕಡೆ ನಡೆದೆ. ಭತ್ತದ ಗದ್ದೆಯ ಬಸಿನೀರು ಹಳ್ಳಕ್ಕೆ ಬಂದು ಬೀಳುತ್ತದಲ್ಲ, ಅದರ ಆಚೆ ದಂಡೆಯಲ್ಲಿ ಒಂದು ಈಚಲು ಗಿಡ ಇದೆ. ಇಳಿಸುವವರಿಲ್ಲದೆ ಗರಿ ಜೋತುಬಿದ್ದು ಕಾಂಡ ಮುಚ್ಚಿದೆ. ಹುಡುಗನೊಬ್ಬನಿಗೆ ಹೇಳಿ ಒಣಗಿದ ಗರಿ ಸರಿಸಿದೆ. ಒಂದು ವರ್ಷ ಮೂಡಣ ಬದಿ, ಇನ್ನೊಂದು ವರ್ಷ ಪಡುವಣ ಬದಿ, ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದ ಗುರುತು ಕಾಂಡದ ಮೇಲೆ ಹಾಗೇ ಇದೆ. ಒಂದು ಗುರುತಿಗೆ ಒಂದು ವರ್ಷ. ಕೆಳಗಿನಿಂದ ಎಣಿಸುತ್ತ ಹೋದೆ. ಹತ್ತೊಂಬತ್ತರವರೆಗೆ ಸ್ಪಷ್ಟ, ಇಪ್ಪತ್ತನೆಯದು ಅರ್ಧ ಕೆತ್ತಿ ಬಿಟ್ಟದ್ದು. ಅಲ್ಲಿಂದ ಮೇಲೆ ಕಾಂಡ ನುಣ್ಣಗಿದೆ. ಹುಡುಗನ ಫೋನಿನಲ್ಲಿ ತೆಗೆಸಿದ ಚಿತ್ರವನ್ನು ಸಂಪಾದಕರಿಗೆ ಕಳಿಸಿದ್ದೇನೆ. ಸಾಲಿಯ ಕಟ್ಟಡದ ಚಿತ್ರದಷ್ಟೇ ಅಳತೆಯಲ್ಲಿ ಅಚ್ಚು ಹಾಕಬೇಕೆಂದು ಕೇಳಿಕೊಂಡಿದ್ದೇನೆ.